ನಾಚಿಕೆ ಯಾಕೆ? ನಾಚಿಕೆ ಇಲ್ಲವೇ?

ಮನೆಗೆ ಯಾರಾದರೂ ಬಂದರೆ ನಮ್ಮ ಎರಡೂವರೆ ವರ್ಷದ ಮಗಳು ಮೊದಲು ಮಾಡುವ ಕೆಲಸ ಬಾಗಿಲ ಪರದೆಯ ಹಿಂದೆ ಅಡಗುವುದು. ಆ ಪರದೆಯೋ, ನೆಲಕ್ಕಿಂತ ಒಂದು ಗೇಣು ಮೇಲೆಯೇ ನಿಂತಿದೆ. ಬಂದವರಿಗೆ ಅವಳ ಪಾದ ಕಾಣುತ್ತದೆ, ಗೆಜ್ಜೆಯ ಸದ್ದೂ ಕೇಳಿಸುತ್ತದೆ. ಆದರೆ ತನಗೆ ಯಾರೂ ಕಾಣದ ಮೇಲೆ ತಾನೂ ಯಾರಿಗೂ ಕಾಣುವುದಿಲ್ಲ ಎಂಬುದು ಅವಳ ತರ್ಕ. ಪರದೆ ಸರಿಸಿದರೆ ಎರಡೂ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಾಳೆ. ಆಗ ನಾವೆಲ್ಲರೂ ಒಮ್ಮೆಗೇ ಮಾಯ!

ನಾವುಂದದಂತಹ ಊರಿನಲ್ಲಿ ಮನೆಗೆ ಬರುವವರಿಗೆ ಬರವಿಲ್ಲ. ಗಂಗೊಳ್ಳಿಯಿಂದ ಖಾಲಾ ಬರುತ್ತಾರೆ, ಶಿರೂರಿನಿಂದ ಫೂಫಿ ಬರುತ್ತಾರೆ, ನೆರೆಮನೆಯವರಂತೂ ದಿನಕ್ಕೆರಡು ಸಲ ಬರುತ್ತಾರೆ. ಎಲ್ಲರಿಗೂ ಮಗುವಿನ ಬಾಯಿಂದ ಒಂದು ಮಾತು ಬೇಕು. ಒಬ್ಬರು "ಸಲಾಂ ಕರೋ ಬೇಟಾ" ಎಂದರೆ ಇನ್ನೊಬ್ಬರು "ಎಂತ ಹೆಣ್ಣೇ, ನಾಚ್ಕಿಯಾ?" ಎನ್ನುತ್ತಾರೆ. ಅವಳು ಕಲ್ಲಿನಂತೆ ನಿಲ್ಲುತ್ತಾಳೆ. "ಮನೆಯಲ್ಲಿ ಹೀಗಿಲ್ಲ, ತುಂಬಾ ಮಾತಾಡ್ತಾಳೆ" ಎಂದು ನಾವು ವಕೀಲರಂತೆ ವಾದಿಸುತ್ತೇವೆ. ಅದು ಸುಳ್ಳಲ್ಲ. ಕಾಗೆಗೆ ಬೈಯುತ್ತಾಳೆ, ಬೆಕ್ಕಿಗೆ ಬುದ್ಧಿ ಹೇಳುತ್ತಾಳೆ, ಸದ್ದು ಮಾಡುವ ಮಿಕ್ಸಿಗೆ "ಚುಪ್!" ಎನ್ನುತ್ತಾಳೆ. ಆದರೆ ಸಾಕ್ಷಿ ಬಾಯಿ ಬಿಡದಿದ್ದರೆ ವಕೀಲರು ಏನು ಮಾಡಿಯಾರು? ಕತೆಗಳಲ್ಲಿ ಪಾತ್ರಗಳಿಂದ ಬೇಕಾದ್ದನ್ನು ಆಡಿಸುವ ನಮಗೆ ಈ ಒಂದು ಪಾತ್ರದಿಂದ ಒಂದು ಸಲಾಂ ಹೇಳಿಸಲು ಆಗುತ್ತಿಲ್ಲ.

ಈ ಸೋಲಿನ ನಡುವೆ ಒಂದು ವಿಚಿತ್ರ ನಮ್ಮ ಗಮನಕ್ಕೆ ಬಂತು. ಮೂರು ವರ್ಷದ ಹುಡುಗಿಗೆ ನಾವು "ನಾಚಿಕೆ ಯಾಕೆ?" ಎಂದು ಗದರುತ್ತೇವೆ. ಅದೇ ಹುಡುಗಿಗೆ ಹದಿಮೂರಾದಾಗ "ನಾಚಿಕೆ ಇಲ್ಲವೇ?" ಎಂದು ಗದರುತ್ತೇವೆ. ಉರ್ದುವಿನಲ್ಲಿ 'ಬೇಶರಮ್', ಕನ್ನಡದಲ್ಲಿ 'ನಾಚಿಕೆಗೇಡಿ' ದೊಡ್ಡ ಬೈಗುಳಗಳು. ಎರಡು ಭಾಷೆಗಳಲ್ಲಿ ಓದಿದ ನಮಗೆ ಎರಡರಲ್ಲೂ ಒಂದೇ ಗೊಂದಲ ಕಾಣಿಸಿತು. ಹಾಗಾದರೆ ನಮಗೆ ಬೇಕಿರುವುದು ನಾಚಿಕೆಯೋ, ನಾಚಿಕೆ ಇಲ್ಲದಿರುವುದೋ? ಬಹುಶಃ ಎರಡೂ ಅಲ್ಲ. ನಾವು ಹೇಳಿದಾಗ ತೆರೆದುಕೊಂಡು, ನಾವು ಹೇಳಿದಾಗ ಮುಚ್ಚಿಕೊಳ್ಳುವ ಒಂದು ಮಗು ನಮಗೆ ಬೇಕು.

ಬುಖಾರಿಯಲ್ಲಿ ವರದಿಯಾದ ಒಂದು ಘಟನೆ ಇದೆ. ಮದೀನಾದ ಅನ್ಸಾರಿಯೊಬ್ಬರು ತಮ್ಮ ಸಹೋದರನನ್ನು ಅವನ ಸಂಕೋಚದ ವಿಷಯದಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆ ದಾರಿಯಲ್ಲಿ ಬಂದ ಪ್ರವಾದಿ(ಸ) ಅವನನ್ನು ಅವನ ಪಾಡಿಗೆ ಬಿಡುವಂತೆ ಹೇಳಿ, 'ಹಯಾ' ವಿಶ್ವಾಸದ ಭಾಗವೆಂದು ತಿಳಿಸಿದರು. ಇದನ್ನು ನೆನೆದು ನಮಗೆ ಸಮಾಧಾನವಾಯಿತು. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ, ಪರದೆಯ ಹಿಂದೆ ನಿಂತ ಮಗುವಿನದು ಹಯಾ ಅಲ್ಲ. ಹಯಾ ಎಂದರೆ ಕೆಟ್ಟದ್ದನ್ನು ಮಾಡಲು ಮನಸ್ಸು ಹಿಂಜರಿಯುವುದು, ಅದಕ್ಕೆ ತಿಳುವಳಿಕೆ ಬೇಕು. ಮಗುವಿನದು ಬರೀ ಸ್ವಭಾವ. ಅದನ್ನು ಗುಣವೆಂದು ಹೊಗಳುವುದೂ ತಪ್ಪು, ದೋಷವೆಂದು ತಿದ್ದುವುದೂ ತಪ್ಪು.

ಈ ಸ್ವಭಾವದ ಬಗ್ಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ (1929-2021) ದಶಕಗಳ ಕಾಲ ಅಧ್ಯಯನ ನಡೆಸಿದರು. 4 ತಿಂಗಳ ಶಿಶುಗಳಿಗೆ ತೂಗುವ ಆಟಿಕೆಗಳನ್ನು ತೋರಿಸಿ, ಅಪರಿಚಿತ ಧ್ವನಿಗಳನ್ನು ಕೇಳಿಸಿದಾಗ ಸುಮಾರು ಐದರಲ್ಲಿ ಒಂದು ಮಗು ಕೈಕಾಲು ಬಡಿದು ಅಳುತ್ತಿತ್ತು. ಮುಂದೆ ಹೊಸಬರ ಮುಂದೆ ಹಿಂಜರಿಯುವ ಸಾಧ್ಯತೆ ಇಂತಹ ಮಕ್ಕಳಲ್ಲೇ ಹೆಚ್ಚು ಕಂಡುಬಂತು. ಅಂದರೆ ಇದರಲ್ಲಿ ಹುಟ್ಟಿನ ಪಾಲೂ ಇದೆ. ಆದರೆ ಅದೇ ಹಣೆಬರಹವಲ್ಲ, ದೊಡ್ಡವರಾಗುತ್ತಾ ಅವರಲ್ಲಿ ಹಲವರು ಹಿಂಜರಿಕೆಯನ್ನು ದಾಟಿದರು. ಮಗು ಮನೆಯವರೊಂದಿಗೂ ಮಾತಾಡದಿದ್ದರೆ, ಕರೆದರೂ ತಿರುಗಿ ನೋಡದಿದ್ದರೆ ಅದು ಬೇರೆ ವಿಷಯ. ಆಗ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಮಗುವನ್ನು ಅದರ ಪಾಡಿಗೆ ಬಿಟ್ಟರೆ ಮುಗಿಯಿತೇ? ಅಷ್ಟು ಸುಲಭವಲ್ಲವೆಂದು ನಮಗೆ ಕಲಿಸಿದ್ದು ಅವಳ ಚಾಚಾ. ಅವರು ದಮ್ಮಾಮ್‌ನಲ್ಲಿ ದುಡಿಯುವವರು. ಮಗು ಹುಟ್ಟಿದ ಮೇಲೆ ಅವರು ಅವಳನ್ನು ಫೋನಿನಲ್ಲೇ ನೋಡಿದ್ದು. ಅವರ ಮುಖ ಕಂಡೊಡನೆ ಅವಳು ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ಕೂತುಬಿಡುತ್ತಿದ್ದಳು. ಕತ್ತಲೆಯೊಳಗಿಂದ "ಬೇಟಾ, ಬೇಟಾ" ಎಂಬ ದನಿ ಮಾತ್ರ ಬರುತ್ತಿತ್ತು. ಕೊನೆಗೆ 45 ದಿನಗಳ ರಜೆಯಲ್ಲಿ ಊರಿಗೆ ಬಂದು, ದೊಡ್ಡ ಗೊಂಬೆ ಹಿಡಿದು ಬಾಗಿಲಲ್ಲಿ ನಿಂತರು. ಅವಳು ಅವರನ್ನೊಮ್ಮೆ ನೋಡಿದಳು, ಓಡಿಹೋಗಿ ನಮ್ಮ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. ಚಾಚಾ ಇರಬೇಕಾದದ್ದು ಅದರೊಳಗಲ್ಲವೇ!

ಎಲ್ಲರೂ ನಕ್ಕೆವು, ಅವರೂ ನಕ್ಕರು. ಆದರೆ ಅವರ ಮುಖ ಬಾಡಿದ್ದು ನಮಗೆ ಕಾಣಿಸಿತು. ರಕ್ತಸಂಬಂಧಕ್ಕೂ ಹಕ್ಕಿದೆ, ಅವರ ರಜೆಗೆ ಲೆಕ್ಕವಿದೆ. ಆ ಕನಿಕರದಲ್ಲಿ ನಾವು ಎರಡು ತಪ್ಪು ಮಾಡಿದೆವು. ಮೊದಲನೆಯದು, "ಚಾಚಾನ ಹತ್ತಿರ ಹೋದರೆ ಮರವಂತೆ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇವೆ" ಎಂದು ಆಸೆ ತೋರಿಸಿದೆವು. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಆ ಜಾಗ ಅವಳಿಗೆ ಪ್ರಾಣ. ಅವಳು ಎರಡು ಹೆಜ್ಜೆ ಮುಂದೆ ಬಂದಳು. ನಾವು ಎತ್ತಿ ಅವರ ಮಡಿಲಿಗೆ ಹಾಕಿಬಿಟ್ಟೆವು. ಅದು ಎರಡನೆಯ ತಪ್ಪು. ಉಸಿರು ಕಟ್ಟುವಂತೆ ಅತ್ತು, ಕುಡಿದ ಹಾಲನ್ನೆಲ್ಲ ಕಾರಿದಳು. ಅಂದು ಸಮುದ್ರಕ್ಕೂ ಹೋಗಲಿಲ್ಲ. "ಬಿಡಿ, ಮಗುವನ್ನು ಹೆದರಿಸಬೇಡಿ" ಎಂದು ಚಾಚಾ ಮೆಲ್ಲಗೆ ಹೇಳಿ, ಅಂಗಿ ತೊಳೆಯಲು ಬಾವಿಕಟ್ಟೆಗೆ ಹೋದರು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಏನನ್ನೋ ಕೊಡುತ್ತೇನೆಂದು ಮಗುವನ್ನು ಕರೆದ ಒಬ್ಬ ತಾಯಿಯನ್ನು ಪ್ರವಾದಿ(ಸ) ಏನು ಕೊಡಲಿದ್ದೀ ಎಂದು ವಿಚಾರಿಸಿದ ಘಟನೆ ಅಬೂ ದಾವೂದ್ ಗ್ರಂಥದಲ್ಲಿದೆ. ಖರ್ಜೂರ ಎಂದಳು ಆಕೆ. ಕೊಡದೇ ಹೋಗಿದ್ದರೆ ಅದು ನಿನ್ನ ಹೆಸರಿನಲ್ಲಿ ಸುಳ್ಳೆಂದು ದಾಖಲಾಗುತ್ತಿತ್ತು ಎಂದು ಅವರು ಎಚ್ಚರಿಸಿದರು. ನಾವು ಒಂದು ಸಮುದ್ರವನ್ನೇ ಕೊಡದೆ ಉಳಿಸಿಕೊಂಡಿದ್ದೆವು.

ಇನ್ನೊಂದು ಯೋಚನೆ ಇದಕ್ಕಿಂತ ಭಾರವಾಗಿತ್ತು. ನಾಳೆ ಅವಳು ಅಂಗನವಾಡಿಗೆ, ಶಾಲೆಗೆ, ಮದ್ರಸಕ್ಕೆ ಹೋಗುತ್ತಾಳೆ. ಬೇಡದವರು ಮುಟ್ಟಿದರೆ ಬೇಡವೆನ್ನು ಎಂದು ಆಗ ನಾವೇ ಕಲಿಸಬೇಕು. ಮಕ್ಕಳ ರಕ್ಷಣೆಗೆ 2012ರ ಪೋಕ್ಸೊ ಕಾಯ್ದೆ ಇದೆ, ಸರಿ. ಆದರೆ ಕಾಯ್ದೆ ಬರುವುದು ಘಟನೆಯ ನಂತರ. ಅದಕ್ಕೂ ಮೊದಲು ಮಗುವಿನ ಕೈಯಲ್ಲಿರುವುದು 'ಬೇಡ' ಎಂಬ ಒಂದೇ ಒಂದು ಮಾತು. ದೊಡ್ಡವರ ಮುಂದೆ ನಿನ್ನ 'ಬೇಡ'ಕ್ಕೆ ಬೆಲೆಯಿಲ್ಲವೆಂದು ಎರಡೂವರೆ ವರ್ಷಕ್ಕೇ ತೋರಿಸಿಕೊಟ್ಟವರು ನಾವು. ಹನ್ನೆರಡರಲ್ಲಿ ಅದಕ್ಕೆ ಬೆಲೆ ಇದೆ ಎಂದರೆ ಅವಳು ನಂಬುವುದು ಹೇಗೆ? ನೆಂಟರಿಗೆ ಮರ್ಯಾದೆ ಕೊಡುವುದು ನಮ್ಮ ಸಾಲ. ಅದನ್ನು ಮಗುವಿನ ಕಿಸೆಯಿಂದ ತೀರಿಸುವುದು ನ್ಯಾಯವಲ್ಲ.

ಮೌನವನ್ನೇ ಅವಳ ಆಭರಣ ಮಾಡಬೇಕೆಂದು ಇದರ ಅರ್ಥವಲ್ಲ. ಹೆಣ್ಣುಮಗುವಾದ್ದರಿಂದ ಆ ಅಪಾಯವೂ ಇದೆ. ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದು, ಧರ್ಮವನ್ನು ಕಲಿಯಲು ಅವರಿಗೆ ಲಜ್ಜೆ ಅಡ್ಡಿಯಾಗಲಿಲ್ಲ ಎಂದೇ. ಬಾಗಿಲು ತೆರೆದಿರಬೇಕು, ಆದರೆ ತಳ್ಳುವ ಕೈ ಇರಬಾರದು.

ದಾರಿ ತೋರಿದವರು ಚಾಚಾ. ಮರುದಿನ ನಾವು ಅವಳನ್ನು ಮರವಂತೆಗೆ ಕರೆದೊಯ್ದೆವು. ಚಾಚಾ ಅವಳನ್ನು ಕರೆಯುವುದನ್ನೇ ನಿಲ್ಲಿಸಿದರು. ಬೆಳಿಗ್ಗೆ ಎದ್ದು ಒಮ್ಮೆ "ಅಸ್ಸಲಾಮು ಅಲೈಕುಂ" ಎಂದು, ಉತ್ತರಕ್ಕೆ ಕಾಯದೆ, ಅಂಗಳದಲ್ಲಿ ಕೂತು ಪೇಪರ್ ಓದುತ್ತಿದ್ದರು. ಮಕ್ಕಳ ಪಕ್ಕದಲ್ಲಿ ಹಾದುಹೋಗುವಾಗ ಪ್ರವಾದಿ(ಸ) ತಾವಾಗಿಯೇ ಸಲಾಂ ಹೇಳುತ್ತಿದ್ದರೆಂದು ಹಝ್ರತ್ ಅನಸ್(ರ) ತಿಳಿಸಿದ್ದಾರೆ. ಸಲಾಂ ಕಲಿಸುವುದೆಂದರೆ ಬಹುಶಃ ಇದೇ. ಹನ್ನೆರಡನೆಯ ದಿನ ಅವಳು ಪರದೆಯಿಂದ ಹೊರಬಂದು, ಏನೂ ಹೇಳದೆ, ತನ್ನ ಒಂದು ಚಪ್ಪಲಿಯನ್ನು ಅವರ ಕೈಗಿಟ್ಟು ಕಾಲು ಮುಂದೆ ಚಾಚಿದಳು. ಅದನ್ನು ತೊಡಿಸುವಾಗ ಅವರ ಕೈ ನಡುಗುತ್ತಿತ್ತು.

ರಜೆ ಮುಗಿದು ಅವರು ಹೊರಟ ದಿನವೂ ಅವಳು ಬಾಯಿ ಬಿಡಲಿಲ್ಲ. ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟ ಕಾರು ಹೆದ್ದಾರಿಗೆ ತಿರುಗಿ ಕಣ್ಮರೆಯಾಯಿತು. ನಾವು ಒಳಗೆ ಬಂದಿದ್ದೆವು. ಐದು ನಿಮಿಷ ಕಳೆದಿರಬಹುದು, ಗೇಟಿನ ಬಳಿಯಿಂದ ದೊಡ್ಡ ದನಿ ಕೇಳಿಸಿತು. ಸರಳುಗಳನ್ನು ಹಿಡಿದುಕೊಂಡು, ಖಾಲಿ ರಸ್ತೆಗೆ, ಒಂದಕ್ಷರವೂ ತಪ್ಪದೆ ಅವಳು ಸಲಾಂ ಹೇಳುತ್ತಿದ್ದಳು.

ಚಾಚಾಗೆ ಫೋನ್ ಮಾಡಿ ತಿಳಿಸಿದೆವು. ಸ್ವಲ್ಪ ಹೊತ್ತು ಅತ್ತ ಕಡೆಯಿಂದ ಮಾತಿರಲಿಲ್ಲ. ಆಮೇಲೆ, "ವ ಅಲೈಕುಮುಸ್ಸಲಾಂ ಅಂತ ಹೇಳಿ ಅವಳಿಗೆ" ಎಂದರು. "ತಡವಾದರೇನಂತೆ, ಬಂತಲ್ಲ."