ಜಾಮೀನಿಗೊಂದು ಸಹಿ

ಬೆಳೆಸಾಲಕ್ಕೆ ಜಾಮೀನು ಹಾಕಿ ಅಂತ ಊರಿನ ಗೆಳೆಯರೊಬ್ಬರು ಕೇಳಿದಾಗ ನೆಪ ಹೇಳಿ ಜಾರಿಕೊಂಡೆ. ಆಮೇಲೆ ಗದಗದ ಹತ್ತಿರದ ಕಣಗಿನಹಾಳ ನೆನಪಾಯಿತು.

1905ರಲ್ಲಿ ಅಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಾಲದ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅಂತ ಹೆಮ್ಮೆಪಡ್ತೀವಿ. ಆದರೆ 1904ರ ಕಾಯ್ದೆಯಂತೆ ಹಳ್ಳಿ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ ಅನ್ನೋದನ್ನು ಮರೀತೀವಿ. ಸಂಘ ಮುಳುಗಿದರೆ ಅದರ ಸಾಲ ಎಲ್ಲರ ತಲೆಮೇಲೆ.

ಹಾಗಿದ್ದಾಗ ಪಕ್ಕದ ಮನೆಯವನ ಬೆಳೆ, ಕುಡಿತ, ಮದುವೆ ಖರ್ಚಿನ ಮೇಲೆ ಊರು ಕಣ್ಣಿಡದೆ ಇರುತ್ತದೆಯೇ? ಅದು ನಂಬಿಕೆಯೋ, ಕಾವಲೋ? ಎರಡೂ ಇರಬೇಕು. ಕಾವಲು ಕಿರಿಕಿರಿಯೇ, ಒಪ್ತೀನಿ. ಈಗ ಅವರವರ ಸಾಲ ಅವರವರಿಗೆ, ಯಾರೂ ಕೇಳಲ್ಲ. ಹೊಲ ಹರಾಜಾದ ದಿನವೂ ಯಾರೂ ಕೇಳಲ್ಲ.

ನಾಳೆ ಗೆಳೆಯರ ಮನೆಗೆ ಹೋಗಬೇಕು. ಸಹಿಯ ಮಾತು ಆಮೇಲೆ. ಮೊದಲು ಬೆಳೆ ಹೇಗಿದೆ ಅಂತ ಕೇಳಬೇಕು.