ಕೂರಿಗೆ ಬಿಟ್ಟು ಕೈಯಲ್ಲಿ ಚೆಲ್ಲಿದವನು

“ಕೂರಿಗಿ ಇದ್ದಿಲ್ಲೇನಪ್ಪಾ ಅವಂಗ?”

ಕುರುಗೋಡಿನ ಕಡೆಯ ಹಿರಿಯ ರೈತರೊಬ್ಬರು ಹೀಗೆ ಕೇಳಿದಾಗ ನಮ್ಮಿಬ್ಬರ ನಡುವೆ, ಚಾಪೆಯ ಮೇಲೆ, ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯ ತೆರೆದಿತ್ತು. ಬಿತ್ತುವವನೊಬ್ಬ ಬಿತ್ತಲು ಹೊರಟ. ಕೆಲವು ಬೀಜ ದಾರಿಯ ಮಗ್ಗುಲಲ್ಲಿ ಬಿದ್ದವು, ಕೆಲವು ಬಂಡೆಯ ನೆಲದಲ್ಲಿ, ಕೆಲವು ಮುಳ್ಳುಗಿಡಗಳಲ್ಲಿ, ಉಳಿದವು ಒಳ್ಳೆಯ ನೆಲದಲ್ಲಿ. ಈ ಸಾಮ್ಯಕ್ಕೆ ನನ್ನ ಬಳಿ ಅರ್ಥ ಸಿದ್ಧವಾಗಿತ್ತು. ನೆಲವೆಂದರೆ ಮನುಷ್ಯನ ಹೃದಯ, ಬೀಜವೆಂದರೆ ದೇವರ ಮಾತು. ಸಂಡೇ ಸ್ಕೂಲಿನಲ್ಲಿ ಚಿತ್ರ ಬರೆದು ಕಲಿತದ್ದು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ.

ತಾತನ ಕಿವಿಗೆ ಬಿದ್ದದ್ದು ಮಾತ್ರ ಬೀಜ ಹಾಳಾದ ಸುದ್ದಿ. ಎರೆಹೊಲದಲ್ಲಿ ಜೋಳ ಬಿತ್ತಿ ಬೆಳೆದವರು ಅವರು. ಕೂರಿಗೆಯ ಬಟ್ಟಲಿಗೆ ಹದವಾಗಿ ಕಾಳು ಬಿಡುತ್ತಾ ಹೋದರೆ ಅದು ಸಾಲಿನಲ್ಲಿ, ಹಸಿ ಇರುವ ಆಳಕ್ಕೇ ಇಳಿಯುತ್ತದೆ. ಮಳೆಯನ್ನೇ ನಂಬಿದ ಹೊಲದಲ್ಲಿ ಒಂದು ಹಿಡಿ ಬೀಜಕ್ಕೂ ಲೆಕ್ಕವಿದೆ. ಅಂಥವರ ಮುಂದೆ, ಹಾದಿಯ ಮೇಲೂ ಬಂಡೆಯ ಮೇಲೂ ಕಾಳು ಚೆಲ್ಲಿದವನ ಕಥೆ ಓದಿದರೆ ಮೊದಲು ಏಳುವ ಪ್ರಶ್ನೆ ಹೃದಯದ್ದಲ್ಲ, ಒಕ್ಕಲುತನದ್ದು. “ಹಾದಿ ಮ್ಯಾಲೆ ಬೀಳೂವಂಗ ಬಿತ್ತಾವ ಎಂಥಾ ಒಕ್ಕಲಿಗ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಸಾಮ್ಯದ ಕೊನೆಗೆ ಬರುವ ನೂರರಷ್ಟು ಬೆಳೆಯ ಮಾತಿಗೂ ಅವರು ಬೆರಗಾಗಲಿಲ್ಲ. ಜೋಳದ ಒಂದು ತೆನೆಯಲ್ಲೇ ಅದಕ್ಕಿಂತ ಎಷ್ಟೋ ಹೆಚ್ಚು ಕಾಳಿರುತ್ತದೆ ಎಂದು ಅಂಗೈ ಅಗಲಿಸಿ ತೋರಿಸಿದರು.

ನಾನು ಹೋದದ್ದು ‘ವಾಕ್ಯ ಹೇಳೋದಕ್ಕೆ’. ನಮ್ಮ ಸಭೆಗಳಲ್ಲಿ ಬಳಕೆಯಲ್ಲಿರುವ ಮಾತು ಅದು. ಬೈಬಲ್ ಹಿಡಿದು ಒಂದು ಮನೆಗೆ ಹೋಗುವುದು, ಒಬ್ಬರೋ ಇಬ್ಬರೋ ಕೂತು ಓದುವುದು, ಅರ್ಥ ಹೇಳುವುದು, ಪ್ರಾರ್ಥಿಸಿ ಏಳುವುದು. ದೊಡ್ಡ ಕೂಟಗಳ ಮೈಕಿಗಿಂತ ಈ ಚಾಪೆಯ ಓದು ನನಗೆ ಮೊದಲಿನಿಂದಲೂ ಹತ್ತಿರ. ಆದರೆ ಆ ದಿನ ಮೋಟರ್ ಸೈಕಲ್ಲಿನಲ್ಲಿ ಬಳ್ಳಾರಿಗೆ ಮರಳುವಾಗ ಒಂದೇ ಪ್ರಶ್ನೆ ಬೆನ್ನು ಹತ್ತಿತು. ಈ ಹೊತ್ತು ಅಲ್ಲಿ ವಾಕ್ಯ ಹೇಳಿದವರು ಯಾರು?

ಸುವಾರ್ತೆಯನ್ನು ‘ಸಾರುವುದು’ ಎನ್ನುತ್ತೇವೆ. ಸಾರುವುದೆಂದರೆ ನಮಗೆ ನೆನಪಾಗುವುದು ಡಂಗುರ. ಡಂಗುರದವನು ಬೀದಿಯ ತುದಿಯಲ್ಲಿ ನಿಂತು, ಬಾರಿಸಿ, ಹೇಳಿ, ಮುಂದಿನ ಬೀದಿಗೆ ಹೋಗುತ್ತಾನೆ. ಉತ್ತರಕ್ಕೆ ಕಾಯುವುದು ಅವನ ಕೆಲಸವಲ್ಲ. ಬಳ್ಳಾರಿ ಸೀಮೆಯಲ್ಲಿ ಇದಕ್ಕಿಂತ ಬೇರೆಯಾದ ಇನ್ನೊಂದು ರೂಢಿಯೂ ಇದೆ. ಶ್ರಾವಣ ಬಂದರೆ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಮಂದಿ ನಡುನಡುವೆ ಹೂಂಗುಟ್ಟುತ್ತಾರೆ. ಹೂಂಗುಟ್ಟುವವರಿಲ್ಲದೆ ಪುರಾಣ ಮುಂದೆ ಸಾಗುವುದಿಲ್ಲ. ಓದು ಎಂಬುದು ಇಬ್ಬರ ನಡುವೆ ಆಗುವ ಕೆಲಸ ಎಂದು ನಮ್ಮ ನೆಲಕ್ಕೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ.

ಹೊರಗಿನಿಂದ ಬಂದವರೇ ಅದನ್ನು ಇಲ್ಲಿ ಕಲಿತರು ಎಂದು ನನಗೀಗ ತೋರುತ್ತದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಈ ಸೀಮೆ ನಿಜಾಮನ ಕೈಯಿಂದ ಕಂಪನಿಯ ಕೈಗೆ ಬಂದು ಆಗ ಹತ್ತೇ ವರ್ಷ. ಆಗ ಹ್ಯಾಂಡ್ಸ್ ಕೈಯಲ್ಲಿ ಅಚ್ಚಾದ ಕನ್ನಡ ನಿಘಂಟು ಒಂದೂ ಇರಲಿಲ್ಲ. ಅವರ ಜೊತೆಗಾರ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾದದ್ದು 1832ರಲ್ಲಿ. ಕನ್ನಡದ ಪೂರ್ಣ ಬೈಬಲ್ ಬಳ್ಳಾರಿಯಲ್ಲಿ ಹೊರಬಂದದ್ದು ಅದಕ್ಕಿಂತ ಒಂದು ವರ್ಷ ಮೊದಲು, 1831ರಲ್ಲಿ. ಅಂದರೆ ಬಂದಾಗಿನಿಂದ ಇಪ್ಪತ್ತೊಂದು ವರ್ಷ. ಆ ವರ್ಷಗಳಲ್ಲಿ ಹ್ಯಾಂಡ್ಸ್ ಏನು ಮಾಡುತ್ತಿದ್ದರು ಎಂದು ಕೇಳಿದರೆ ಚರಿತ್ರೆಯ ಪುಸ್ತಕಗಳು ಅನುವಾದ, ಶಾಲೆ, ಅಚ್ಚುಕೂಟ ಎನ್ನುತ್ತವೆ. ನನ್ನ ಮನಸ್ಸಿಗೆ ಬರುವ ಚಿತ್ರ ಇನ್ನೂ ಸರಳ. ಪರದೇಶದವನೊಬ್ಬ ಕನ್ನಡ ಬಲ್ಲವರ ಎದುರು ಕೂತು, ಇದಕ್ಕೆ ನೀವು ಏನಂತೀರಿ ಎಂದು ಕೇಳುತ್ತಿದ್ದ. ಮರುದಿನ ಮತ್ತೆ ಕೇಳುತ್ತಿದ್ದ. ಬಳ್ಳಾರಿಯ ಮೊದಲ ಬೈಬಲ್ ಅಧ್ಯಯನದಲ್ಲಿ ನಂಬಿಕೆಯನ್ನು ಕೊಡಲು ಬಂದವನೇ ವಿದ್ಯಾರ್ಥಿ.

ಅವನಿಗೆ ಸಿಕ್ಕ ಪದಗಳೇನೂ ಖಾಲಿ ಕೊಡಗಳಾಗಿರಲಿಲ್ಲ. ಭಕ್ತಿ, ಕೃಪೆ, ಕರ್ತ, ರಕ್ಷಣೆ – ಒಂದೊಂದನ್ನೂ ಬೇರೆ ಬೇರೆ ಗುಡಿಗಳಲ್ಲಿ, ಮಠಗಳಲ್ಲಿ ಜನ ತಲೆಮಾರುಗಳಿಂದ ನುಡಿದು ಬೆಚ್ಚಗಿಟ್ಟಿದ್ದರು. ಒಡಂಬಡಿಕೆ ಎಂಬ ಮಾತು ವ್ಯವಹಾರದ್ದು, ಇಬ್ಬರು ಒಪ್ಪಿ ಕೈಹಿಡಿದದ್ದು. ದೇವರು ಮನುಷ್ಯನೊಡನೆ ಒಡಂಬಟ್ಟ ಎಂದಾಗ ಕನ್ನಡದ ಕಿವಿಗೆ ಅದು ಮೇಲಿನಿಂದ ಬಂದ ಅಪ್ಪಣೆಯಾಗಿ ಕೇಳುವುದಿಲ್ಲ. ಯೇಸು ತನ್ನನ್ನು ಜೀವದ ರೊಟ್ಟಿ ಎಂದು ಕರೆದುಕೊಳ್ಳುವ ಭಾಗವನ್ನು ಸಿರುಗುಪ್ಪದ ಒಂದು ಮನೆಯಲ್ಲಿ ಓದುತ್ತಿದ್ದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮನೆಯೊಡತಿ ಕೈ ನಿಲ್ಲಿಸಿ ಹೇಳಿದರು: “ರೊಟ್ಟಿ ಅಂದ್ರ ಬಡಿಸ್ಕೊಂಡು, ಬೆಂಕಿ ಮ್ಯಾಲೆ ಬಿದ್ದು ಆಗೂದಲ್ಲೇನಣ್ಣ. ಹಂಗ ಆದ ಅಂತಾನೇನು ಅವ?” ಶಿಲುಬೆಯ ಬಗ್ಗೆ ನಾನು ಕೇಳಿದ ಎಷ್ಟೋ ಪ್ರಸಂಗಗಳಿಗಿಂತ ಆ ಒಂದು ಮಾತು ನನ್ನೊಳಗೆ ಹೆಚ್ಚು ದಿನ ಉಳಿದಿದೆ.

ಎಲ್ಲ ಪದಗಳೂ ಹೀಗೆ ಸಲೀಸಾಗಿ ಕೂಡಿಬರುವುದಿಲ್ಲ. ಬೈಬಲ್ಲಿಗೆ ನಾವು ಇಟ್ಟುಕೊಂಡ ಹೆಸರು ಸತ್ಯವೇದ. ಬಳ್ಳಾರಿಯಲ್ಲಿ ನನ್ನ ನೆರೆಯವರೊಬ್ಬರು ಪುಸ್ತಕದ ರಟ್ಟು ನೋಡಿ, “ಹಂಗಾದ್ರ ನಮ್ಮದೇನು ಸುಳ್ಳು ವೇದಾನ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನಾನು ವಾದ ಮಾಡಬಹುದಿತ್ತು. ಓದಿ ನೋಡೋಣ, ಆಮೇಲೆ ನಿಮಗೇನು ಅನ್ನಿಸ್ತದೋ ಹೇಳಿ ಎಂದೆ. ಇವತ್ತಿಗೂ ಅದೇ ಸರಿಯಾದ ಉತ್ತರ ಎಂದು ನಂಬಿದ್ದೇನೆ. ಸತ್ಯ ಎಂಬುದು ಪುಸ್ತಕದ ಹೊರಗೆ ಬರೆದುಕೊಂಡ ಮಾತ್ರಕ್ಕೆ ಎದುರಿನವರಿಗೆ ಸತ್ಯವಾಗುವುದಿಲ್ಲ.

ಬೈಬಲ್ಲಿನೊಳಗೇ ಇಂಥ ಓದಿನ ಚಿತ್ರಗಳಿವೆ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಇಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಾ ಹೋಗುತ್ತಿದ್ದಾನೆ. ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಓಡಿ ಹೋಗಿ, ಓದುವುದು ತಿಳಿಯುತ್ತಿದೆಯೇ ಎಂದು ವಿಚಾರಿಸುತ್ತಾನೆ. ಈ ಕಥೆಯನ್ನು ನಾವು ಹೇಳುವಾಗ ಫಿಲಿಪ್ಪನ ವಿವರಣೆಗೆ ಒತ್ತು ಕೊಡುತ್ತೇವೆ. ನನಗೆ ಕಾಣುವುದು ಬೇರೆ ಮೂರು ಸಂಗತಿ. ಪುಸ್ತಕ ಮೊದಲೇ ಆ ಮನುಷ್ಯನ ಕೈಯಲ್ಲಿತ್ತು, ಫಿಲಿಪ್ಪ ತಂದುಕೊಟ್ಟದ್ದಲ್ಲ. ಫಿಲಿಪ್ಪನ ಮೊದಲ ಮಾತು ಪ್ರಶ್ನೆ. ರಥ ಹತ್ತಲು ಕರೆದವನು ಅಧಿಕಾರಿ, ಕರೆದ ಮೇಲೆಯೇ ಇವನು ಹತ್ತಿದ್ದು. ಕೊನೆಗೆ ಫಿಲಿಪ್ಪ ಕಣ್ಮರೆಯಾಗುತ್ತಾನೆ, ಅಧಿಕಾರಿ ಸಂತೋಷದಿಂದ ತನ್ನ ದಾರಿ ಹಿಡಿಯುತ್ತಾನೆ. ಅವನನ್ನು ಹಿಂಬಾಲಿಸಿ ಹೆಸರು ಬರೆದುಕೊಂಡವರು ಯಾರೂ ಇಲ್ಲ.

ಯೋಹಾನನ 4ನೆಯ ಅಧ್ಯಾಯ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ನೆತ್ತಿಯ ಬಿಸಿಲಿನಲ್ಲಿ ಬಾವಿಯ ಬಳಿ ಕೂತ ಯೇಸು ಸಮಾರ್ಯದ ಹೆಂಗಸನ್ನು ನೀರು ಬೇಡುತ್ತಾನೆ. ಯೆಹೂದ್ಯರು ಸಮಾರ್ಯದವರೊಡನೆ ಹೊಕ್ಕುಬಳಕೆ ಇಟ್ಟುಕೊಂಡವರಲ್ಲ. ಬಳ್ಳಾರಿಯ ಕೇರಿಗಳಲ್ಲಿ ಈ ಭಾಗ ಓದಿದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಯಾರ ಬಾವಿಯಲ್ಲಿ ಯಾರು ಸೇದಬಾರದು, ಯಾರ ಕೈಯ ನೀರು ಯಾರು ಕುಡಿಯಬಾರದು ಎಂಬ ನೆನಪು ಇನ್ನೂ ಹಸಿಯಾಗಿದೆ. ಜೀವಜಲ ಕೊಡಬಲ್ಲವನು ಮೊದಲು ಬೇಡುವವನಾಗಿ ಕೂತ. ಅವಳ ಕೊಡ, ಅವಳ ಹಗ್ಗ, ಅವಳ ಕೈ ಇಲ್ಲದೆ ಅವನ ಬಾಯಾರಿಕೆ ತೀರುವಂತಿರಲಿಲ್ಲ. ನಂಬಿಕೆಯನ್ನು ಹಂಚಿಕೊಳ್ಳುವುದು ಕೊಡುವ ಕೈಯಿಂದ ಶುರುವಾಗುವುದಿಲ್ಲ, ಚಾಚಿದ ಕೈಯಿಂದ ಶುರುವಾಗುತ್ತದೆ ಎಂದು ನಾನು ಕಲಿತದ್ದು ಇಲ್ಲಿ. ಆ ಹೆಂಗಸು ಊರಿಗೆ ಓಡಿ ಸುದ್ದಿ ಮುಟ್ಟಿಸುತ್ತಾಳೆ. ಊರವರು ಬಂದು ಅವನ ಮಾತನ್ನು ತಾವೇ ಕೇಳಿದ ಮೇಲೆ, ಇನ್ನು ನಾವು ನಂಬುವುದು ನಿನ್ನ ಮಾತಿನಿಂದಲ್ಲ ಎಂದು ಅವಳಿಗೇ ಹೇಳುತ್ತಾರೆ. ಅವಳು ನೊಂದುಕೊಂಡಳು ಎಂದು ಯೋಹಾನ ಬರೆದಿಲ್ಲ. ನನಗಾದರೋ ಆ ಮಾತನ್ನು ಸಂತೋಷದಿಂದ ಕೇಳಿಸಿಕೊಳ್ಳಲು ಬಹಳ ಕಾಲ ಬೇಕಾಯಿತು.

ಬೇಡವಾದರೂ ಇಲ್ಲಿ ಒಂದು ಮಾತು ಹೇಳಲೇಬೇಕು. ಇಂದು ಬೈಬಲ್ ಹಿಡಿದು ಇನ್ನೊಬ್ಬರ ಮನೆಗೆ ಹೋಗುವವನನ್ನು ಬೀದಿ ಅನುಮಾನದಿಂದ ನೋಡುತ್ತದೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿದೆ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ತಡೆಯುವ ಕಾಯ್ದೆ ಬಂತು. ಮರುವರ್ಷದ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆ ಕಾಯ್ದೆ ನೆರೆಹೊರೆಯ ಪ್ರೀತಿಯ ಮೇಲೂ ಗುಮಾನಿಯ ನೆರಳು ಚಾಚಿತು ಎಂಬುದು ನನ್ನ ಅಭಿಪ್ರಾಯ. ಹಾಗಿದ್ದೂ ನನ್ನನ್ನು ನಾನು ಕೇಳಿಕೊಳ್ಳುವ ಪ್ರಶ್ನೆ ಕಾಯ್ದೆಗಿಂತ ಬಿಗಿಯಾದದ್ದು. ಸಾಲದಲ್ಲಿರುವ ಮನೆಗೆ ಅಕ್ಕಿ ಮೂಟೆ ಹೊತ್ತವನು ಅದೇ ಕೈಯಲ್ಲಿ ಪುಸ್ತಕವನ್ನೂ ಒಯ್ದರೆ, ಆ ಮನೆಯವರು ಪುಸ್ತಕಕ್ಕೆ ಬೇಡ ಎನ್ನುವುದು ಹೇಗೆ? ಅಕ್ಕಿ ಕೊಡಬೇಕಾದ ದಿನ ಅಕ್ಕಿ ಮಾತ್ರ ಕೊಡಬೇಕು. ಬೇಡ ಎನ್ನಲು ಆಗದವರ ಹೂಂ ದೇವರಿಗೂ ಬೇಡವಾದದ್ದು.

ಬೇಡ ಎಂದವರೊಬ್ಬರು ನನ್ನ ಬದುಕಿನಲ್ಲಿದ್ದಾರೆ. ತುಂಗಭದ್ರೆಯ ದಂಡೆಯ ಸಿರುಗುಪ್ಪದಲ್ಲಿ, ಗದ್ದೆಗಳ ನಡುವೆ ಅವರ ಮನೆ. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಅಣ್ಣ ಎನ್ನುತ್ತೇನೆ. ಭತ್ತದ ನಾಟಿ, ಕೊಯ್ಲು ಬಿಟ್ಟು ಉಳಿದ ದಿನಗಳಲ್ಲಿ, ಹೆಚ್ಚುಕಡಿಮೆ ಒಂದು ವರ್ಷ, ಲೂಕನ ಸುವಾರ್ತೆಯನ್ನು ಜೊತೆಯಾಗಿ ಓದಿದೆವು. ದಾರಿತಪ್ಪಿದ ಮಗನ ಕಥೆಯಲ್ಲಿ ಅವರ ಕಣ್ಣು ತುಂಬಿತ್ತು. ಕೊನೆಯ ಅಧ್ಯಾಯ ಮುಗಿದ ಸಂಜೆ ಪುಸ್ತಕ ಮಡಚಿ ನನ್ನ ಕಡೆ ಸರಿಸಿ, “ಯೇಸುಸ್ವಾಮಿ ಮ್ಯಾಲೆ ನಂಗ ಭಾಳ ಗೌರವ ಐತಿ ತಮ್ಮಾ. ಆದ್ರ ನಾ ಸಭೆಗೆ ಬರೂದಿಲ್ಲ. ನೀ ಬೇಜಾರು ಮಾಡ್ಕೋಬ್ಯಾಡ” ಎಂದರು.

ನಾನು ಬೇಜಾರು ಮಾಡಿಕೊಂಡೆ. ಒಂದು ವರ್ಷ ಹೋಯಿತಲ್ಲ ಎಂದು ಲೆಕ್ಕ ಹಾಕಿದೆ. ನಮ್ಮ ಸಭೆಯ ಹಿರಿಯರೊಬ್ಬರು, ಸಿರುಗುಪ್ಪದಿಂದ ಎಷ್ಟು ಮಂದಿ ಬಂದರು ಎಂದು ಕೇಳಿದಾಗ ತಲೆ ತಗ್ಗಿಸಿದೆ. ಎರಡು ತಿಂಗಳು ಆ ಅಣ್ಣನ ಮನೆಯ ಕಡೆ ಹೋಗಲಿಲ್ಲ. ಹೋಗಲಿಲ್ಲ ಎಂಬುದೇ ನನ್ನನ್ನು ತೋರಿಸಿಕೊಟ್ಟ ಕನ್ನಡಿ. ವರ್ಷವಿಡೀ ಅವರ ಚಹಾ ಕುಡಿದದ್ದು ಅವರಿಗಾಗಿಯೋ, ಅವರಿಂದ ನನಗೆ ಸಿಗಬೇಕಾಗಿದ್ದ ಒಂದು ಹೂಂಗಾಗಿಯೋ? ಮಾರ್ಕನ 10ನೆಯ ಅಧ್ಯಾಯದಲ್ಲಿ ಧನವಂತನೊಬ್ಬ ಯೇಸುವಿನ ಮಾತು ಕೇಳಿ, ಒಪ್ಪಲಾಗದೆ, ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಯೇಸು ಹಿಂದೆ ಓಡುವುದಿಲ್ಲ, ಮಾತಿನ ಬೆಲೆ ಇಳಿಸುವುದೂ ಇಲ್ಲ. ಆದರೆ ಆ ಮಾತು ಹೇಳುವ ಮೊದಲೇ ಅವನನ್ನು ನೋಡಿ ಪ್ರೀತಿಸಿದ ಎಂದು ಮಾರ್ಕನು ಬರೆದಿಟ್ಟಿದ್ದಾನೆ. ಆ ಪ್ರೀತಿ ಉತ್ತರಕ್ಕಿಂತ ಮೊದಲೇ ಆಗಿಹೋಗಿತ್ತು. ಇದನ್ನು ಎಷ್ಟೋ ಮನೆಗಳಲ್ಲಿ ಓದಿ ಹೇಳಿದ್ದ ನಾನು ಎರಡು ತಿಂಗಳಾದ ಮೇಲೆ ಪುಸ್ತಕವಿಲ್ಲದೆ ಬರಿಗೈಯಲ್ಲಿ ಸಿರುಗುಪ್ಪದ ಬಸ್ಸು ಹತ್ತಿದೆ. ಅಣ್ಣ ಅಂಗಳದಲ್ಲೇ ಇದ್ದರು. ಬಾ ಎಂದರು, ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ತಂದೆ ದೂರದಲ್ಲೇ ಮಗನನ್ನು ಕಂಡ ಆ ಕಥೆ ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು.

ಕುರುಗೋಡಿನ ತಾತನ ಪ್ರಶ್ನೆಗೆ ಉತ್ತರ ಹುಡುಕಿದೆ. ಪ್ಯಾಲೆಸ್ತೀನದಲ್ಲಿ ಮೊದಲು ಬೀಜ ಚೆಲ್ಲಿ ಆಮೇಲೆ ಉಳುತ್ತಿದ್ದರು, ಹಾಗಾಗಿ ಜನ ತುಳಿದ ಕಾಲುದಾರಿಯ ಮೇಲೂ ಕಾಳು ಬೀಳುತ್ತಿತ್ತು ಎಂದು ಯೋವಾಕಿಂ ಯೆರೆಮಿಯಾಸ್ ಎಂಬ ಜರ್ಮನ್ ವಿದ್ವಾಂಸ ವಿವರಿಸಿದ್ದಾರೆ. ಮತ್ತೆ ಹೋದಾಗ ಇದನ್ನು ಹೇಳಿದೆ. ತಾತ ಬಹಳ ಹೊತ್ತು ಸುಮ್ಮನಿದ್ದರು. ತಮ್ಮ ತಂದೆಯನ್ನು ಶಾಲೆಯ ಜಗಲಿ ಹತ್ತಲು ಬಿಡದ ಕಾಲದ ಬಗ್ಗೆ ಹಿಂದೊಮ್ಮೆ ಹೇಳಿದ್ದರು. ಅದೇ ದನಿಯಲ್ಲಿ ಈಗ ಮಾತಾಡಿದರು.

“ಹಂಗಾದ್ರ ಇದು ಹಾದಿ, ಇದು ಹೊಲ ಅಂತ ಅವ ಮೊದ್ಲ ಗೆರಿ ಹಾಕಿಲ್ಲ. ಉತ್ತ ಮ್ಯಾಲೆ ಹಾದೀನೂ ಹೊಲಾನೇ ಆಗ್ತೈತಿ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ಕನ್ನಡಕ ಸರಿಮಾಡಿಕೊಂಡು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬಿರುಕುಬಿಟ್ಟ ತೋರುಬೆರಳನ್ನು ಸಾಲಿನ ಕೆಳಗಿಟ್ಟು ಅಕ್ಷರ ಕೂಡಿಸುತ್ತಾ, ಅಧ್ಯಾಯವನ್ನು ಮೊದಲಿನಿಂದ ತಾವೇ ಓದತೊಡಗಿದರು. ನಾನು ಹೂಂಗುಟ್ಟುತ್ತಾ ಕೂತೆ.