ಗೆರೆಯ ಒಳಗೆ ಬಂದ ಮೇಲೆ

ಮಗಳು ತೋರಿಸಿದ ಮನೆ ಹಳೆಯದು. ಮರದ ಗೋಡೆ, ತಗ್ಗು ಸೂರು, ನೆಲಮಾಳಿಗೆಗೆ ಇಳಿದರೆ ಮುಗ್ಗಲು ವಾಸನೆ. ದಲ್ಲಾಳಿ ಕೊಟ್ಟ ಹಾಳೆಯಲ್ಲಿ ಬಚ್ಚಲುಮನೆ ಎಷ್ಟು ಅನ್ನುವುದಕ್ಕೂ ಮೊದಲು ಯಾವ ಶಾಲೆಗೆ ಸೇರುತ್ತದೆ ಎಂದು ಅಚ್ಚಾಗಿತ್ತು. "ಈ ಮುರುಕಲಿಗೆ ಇಷ್ಟು ದುಡ್ಡೇನೇ?" ಎಂದೆ. "ಅಪ್ಪಾ, ನಾವು ದುಡ್ಡು ಕೊಡ್ತಿರೋದು ಸ್ಕೂಲಿಗೆ, ಮನೆ ಅದರ ಜೊತೆಗೆ ಬರುತ್ತೆ ಅಷ್ಟೆ" ಎಂದಳು.

ಊರು ಬಾಸ್ಟನ್ ಹೊರವಲಯದ ಲೆಕ್ಸಿಂಗ್ಟನ್. ಅಲ್ಲಿನ ಸರ್ಕಾರಿ ಶಾಲೆಗೆ ಫೀಸಿಲ್ಲ. ಆದರೆ ಊರಿನಲ್ಲಿ ವಾಸವಿದ್ದವರ ಮಕ್ಕಳಿಗಷ್ಟೇ ಸಾಮಾನ್ಯವಾಗಿ ಸೀಟು. ಶಾಲೆಯ ಖರ್ಚಿನ ದೊಡ್ಡ ಪಾಲು ಬರುವುದು ಊರಿನ ಆಸ್ತಿ ತೆರಿಗೆಯಿಂದ. ಒಳ್ಳೆಯ ಶಾಲೆ ಮನೆಯ ಬೆಲೆ ಏರಿಸುತ್ತದೆ, ಏರಿದ ಬೆಲೆ ಶಾಲೆಯನ್ನು ಸಾಕುತ್ತದೆ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ ಇದೇ ಬಾಸ್ಟನ್ ಸುತ್ತಿನ ಊರುಗಳಲ್ಲಿ, ಒಂದು ಪ್ರಾಥಮಿಕ ಶಾಲೆಯ ವಲಯ ಮುಗಿದು ಇನ್ನೊಂದರದು ಶುರುವಾಗುವ ಗೆರೆಯ ಆಚೀಚೆ ಇರುವ ಮನೆಗಳನ್ನು ಹೋಲಿಸಿ 1999ರಲ್ಲಿ ಲೆಕ್ಕ ಕೊಟ್ಟರು: ಪರೀಕ್ಷೆಯ ಅಂಕ ಶೇ. 5ರಷ್ಟು ಹೆಚ್ಚಿದ್ದರೆ ತಂದೆತಾಯಿಗಳು ಮನೆಗೆ ಸುಮಾರು ಶೇ. 2.5ರಷ್ಟು ಹೆಚ್ಚು ಕೊಡುತ್ತಾರೆ. ಊರು ಅದೇ, ತೆರಿಗೆ ಅದೇ, ನಡುವೆ ಒಂದು ಗೆರೆ.

ಮಲೆನಾಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಕೂಲಿಯವನ ಮಗ, ಅಡಿಕೆ ತೋಟದ ಯಜಮಾನರ ಮಗ ಒಂದೇ ಬೆಂಚಿನಲ್ಲಿ ಕೂತದ್ದನ್ನು ಕಂಡಿದ್ದೇನೆ. ಯಜಮಾನರ ಮಕ್ಕಳು ಒಬ್ಬೊಬ್ಬರಾಗಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಮ್ಮಿಗೆ ಹೋದದ್ದನ್ನೂ ಕಂಡಿದ್ದೇನೆ. ಹಾಗಾಗಿ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ: ನನ್ನ ಮಗುವಿಗೆ ಎಲ್ಲರಿಗಿಂತ ಒಳ್ಳೆಯದು ಸಿಗಲಿ ಅನ್ನುವುದು ಧರ್ಮವೋ, ಮೋಹವೋ?

ಮೋಹವೆಂದು ತಳ್ಳಿಬಿಡುವುದು ಸುಲಭ. ಪ್ಲೇಟೋ ತನ್ನ ಆದರ್ಶ ನಗರದ ಕಾವಲುಗಾರರಿಗೆ 'ನನ್ನ ಮಗು' ಎಂಬುದೇ ಇರಕೂಡದು, ಮಕ್ಕಳು ಎಲ್ಲರಿಗೂ ಸೇರಿರಲಿ ಎಂದ. ಎಲ್ಲರಿಗೂ ಸೇರಿದ್ದನ್ನು ಯಾರೂ ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದು ಅವನ ಶಿಷ್ಯ ಅರಿಸ್ಟಾಟಲನೇ ಎದುರಾಡಿದ. ಹೆತ್ತವರನ್ನು ಕಂಡವರಿಗೆಲ್ಲ ಶಿಷ್ಯನ ಮಾತೇ ಸರಿ ಅನ್ನಿಸುತ್ತದೆ.

ಈ ವಿಷಯದಲ್ಲಿ ನನಗೆ ದಾರಿ ತೋರುವವನು ದ್ರೋಣ. ಮಗ ಅಶ್ವತ್ಥಾಮ ಹಾಲಿಗೆ ಅತ್ತಾಗ ಓರಗೆಯ ಹುಡುಗರು ಹಿಟ್ಟು ಕದಡಿದ ನೀರು ಕುಡಿಸಿ ನಕ್ಕರು. ಅದನ್ನು ತಾಳಲಾರದೆ ದ್ರೋಣ ದ್ರುಪದನಲ್ಲಿಗೆ ಹೋದ, ಅವಮಾನ ಉಂಡ, ಕೊನೆಗೆ ಹಸ್ತಿನಾವತಿ ಸೇರಿ ರಾಜಕುಮಾರರ ಗುರುವಾದ. ಮಗನಿಗಾಗಿ ಊರು ಬಿಟ್ಟದ್ದಕ್ಕೆ ಅವನನ್ನು ಯಾರೂ ದೂರುವುದಿಲ್ಲ. ಅದೇ ದ್ರೋಣ, ಬೇಡರ ಹುಡುಗ ಏಕಲವ್ಯ ವಿದ್ಯೆ ಕೇಳಿ ಬಂದಾಗ ಒಲ್ಲೆ ಎಂದ. ಹುಡುಗ ತಾನೇ ಕಲಿತಾಗ ಹೆಬ್ಬೆರಳು ಕೇಳಿದ. ಅಧರ್ಮ ಇರುವುದು ಇಲ್ಲಿ. ಹೊರಗೆ ನಿಂತ ನೋವನ್ನು ಉಂಡವನು ಒಳಗೆ ಸೇರಿದ ಮೇಲೆ ಬಾಗಿಲು ಕಾಯತೊಡಗಿದ.

ತತ್ತ್ವಜ್ಞಾನಿ ಜಾನ್ ರಾಲ್ಸ್ ಬದುಕಿದ್ದದ್ದು, 2002ರಲ್ಲಿ ತೀರಿಕೊಂಡದ್ದು ಇದೇ ಲೆಕ್ಸಿಂಗ್ಟನ್ನಿನ ತಮ್ಮ ಮನೆಯಲ್ಲಿ. ಸಮಾಜದಲ್ಲಿ ನಿನ್ನ ಜಾಗ ಯಾವುದೆಂದು ತಿಳಿಯದಂತೆ ತೆರೆಯ ಹಿಂದೆ ಕೂತು ನಿಯಮ ಮಾಡು, ಆಗ ಅದು ನ್ಯಾಯ ಎಂಬುದು 1971ರಲ್ಲಿ ಅವರು ಮುಂದಿಟ್ಟ ವಿಚಾರ. ನನ್ನ ಮೊಮ್ಮಗಳು ಗೆರೆಯ ಯಾವ ಕಡೆ ಹುಟ್ಟುತ್ತಾಳೋ ತಿಳಿಯದಿದ್ದರೆ, ಮನೆಯ ಬೆಲೆಗೆ ಶಾಲೆಯನ್ನು ಕಟ್ಟಿಹಾಕುವ ಏರ್ಪಾಟಿಗೆ ನಾನಂತೂ ಒಪ್ಪುತ್ತಿರಲಿಲ್ಲ.

ಗೆರೆ ದಾಟಿಸುವ ಕೆಲಸ ಆ ಊರಲ್ಲೂ ನಡೆದಿದೆ. 1966ರಿಂದ ಮೆಟ್ಕೊ ಎಂಬ ಯೋಜನೆಯಲ್ಲಿ ಬಾಸ್ಟನ್ ನಗರದ ಮಕ್ಕಳು, ಹೆಚ್ಚಾಗಿ ಕರಿಯರ ಮಕ್ಕಳು, ಬಸ್ಸಿನಲ್ಲಿ ಇಂಥ ಊರುಗಳ ಶಾಲೆಗೆ ಬರುತ್ತಾರೆ. ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಟ್ಟು ಹೊಸಬರಿಗೂ ದಾರಿ ಮಾಡಬೇಕೆಂದು ರಾಜ್ಯ 2021ರಲ್ಲಿ ಕಾನೂನು ಮಾಡಿದಾಗ ಲೆಕ್ಸಿಂಗ್ಟನ್ 2023ರಲ್ಲೇ ಒಪ್ಪಿತು. ಆದರೆ ಕಟ್ಟುವವರು ಸಾಲುಗಟ್ಟಿ ಬಂದಾಗ 2025ರಲ್ಲಿ ಆ ಒಪ್ಪಿಗೆಯ ವ್ಯಾಪ್ತಿ ಕುಗ್ಗಿಸಿತು. ನಮ್ಮಲ್ಲೂ ಅಷ್ಟೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಯಲ್ಲಿ ಬಡಮಕ್ಕಳಿಗೆ ಶೇ. 25 ಸೀಟು ಇಟ್ಟಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಹೊಣೆ ಬೇಡ ಎಂದು ಕರ್ನಾಟಕ 2019ರಲ್ಲಿ ನಿಯಮ ತಿದ್ದಿತು.

ಮಗಳಿಗೆ ಮನೆ ಕೊಳ್ಳಬೇಡ ಎಂದು ನಾನು ಹೇಳಲಿಲ್ಲ, ಯಾವ ಅಪ್ಪನೂ ಹೇಳಲಾರ. ನನ್ನ ಮಾತು ಕೊಂಡ ನಂತರದ್ದು. ಊರ ಸಭೆಯಲ್ಲಿ ಹೊಸಬರಿಗೆ ಜಾಗ ಬಿಡುವ ಪ್ರಶ್ನೆ ಬಂದಾಗ, 'ನಮ್ಮ ಶಾಲೆ ತುಂಬಿಹೋಗುತ್ತದೆ' ಎಂಬ ಮಾತು ಎದ್ದಾಗ, ನಿಮ್ಮ ಕೈ ಯಾವ ಕಡೆ ಏಳುತ್ತದೆ? ಮಗುವಿನ ಮೇಲಿನ ಪ್ರೀತಿ ಧರ್ಮವೋ ಮೋಹವೋ ಎಂಬುದು ತೀರ್ಮಾನವಾಗುವುದು ಅಲ್ಲಿ. ಲೆಕ್ಸಿಂಗ್ಟನ್ನಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಒಳಗೆ ಸೇರಿದವರೇ, ಆ ದಿನ ಹೊರಗಿನ ಮಗುವಿನ ಪರವಾಗಿ ಕೈ ಎತ್ತಿ.